ಕೋಲು ಮಕ್ತಲದಾಗ, ಬಟ್ಟಿ ಗದ್ವಾಲದಾಗ

ಜಿಲ್ಲಾ ಒಡೀತು ಅಂತ ಸುದ್ದಿ ಬಂದಾಗ ಮಂದಿ ಕಲೆಕ್ಟರ್ ಆಫೀಸು ಎಲ್ಲಿ ಆಗ್ತೈತಿ, ದೊಡ್ಡ ದವಾಖಾನಿ ಎಲ್ಲಿ ಬರ್ತೈತಿ ಅಂತ ಕೇಳಿದ್ರು. ನಮ್ಮಿಬ್ಬರಿಗೆ ಬಂದ ಚಿಂತಿ ಒಂದೇ. ಸ್ಕೌಟಿನ ದೊಡ್ಡ ಡೇರೆ ಯಾರ ಪಾಲಿಗೆ ಹೋಗ್ತೈತಿ? ನಗಬ್ಯಾಡ್ರಿ. ಆ ಡೇರೆಯೊಳಗ ನಮ್ಮ ಅರ್ಧ ಆಯುಷ್ಯ ಕಳದೈತಿ.

ನಾ ಮಕ್ತಲದಾಗ ಕನ್ನಡ ಸಾಲಿ ಮಾಸ್ತರ ಆಗಿದ್ದಾಂವ. ಸಾಲಿ ಜೋಡಿ ಸ್ಕೌಟ್ ದಳಾನೂ ನಡಸಿದೆ. ನಮ್ಮದು ಕುರಿ ಕಾಯೋ ಮನೆತನ, ಬೀರಪ್ಪನ ಒಕ್ಕಲು. ನನ್ನ ದೋಸ್ತ ಗದ್ವಾಲದಾಂವ, ನೇಕಾರರ ಮಗ. ಅಂವನ ಮನಿಯಾಗ ಕನ್ನಡ, ಬೀದಿಗೆ ಬಂದ್ರ ತೆಲುಗು, ಸಿಟ್ಟು ಬಂದ್ರ ಉರ್ದು. ಇಬ್ಬರೂ ಹೊಸಾ ಮಾಸ್ತರ ಆಗಿದ್ದಾಗ ಸ್ಕೌಟ್ ತರಬೇತಿಗೆ ಹಾಕಿದ್ರು. ಅಲ್ಲಿ ಇಬ್ಬರೂ ಕೂಡಿ ಒಂದು ಬೋಗುಣಿ ಅನ್ನ ಹೊತ್ತಿಸಿ ಬೈಸ್ಕೊಂಡಿದ್ವಿ. ಅವತ್ತಿನಿಂದ ಹತ್ತಿದ ಗೆಳೆತನ. ಅಂವಾ ನನಗಿಂತ ಸಣ್ಣಾಂವ, ಆದ್ರ ಮಾತಿನಾಗ ನನ್ನಜ್ಜ.

ನಮ್ಮ ಕಡೆ ಸ್ಕೌಟು ಇವತ್ತಿನದಲ್ಲ. ನಮಗ ಕಲಿಸಿದ ಮಾಸ್ತರಿಗೆ ಕಲಿಸಿದವರು ನಿಜಾಮನ ಕಾಲದವರು. ಆಗ ಹುಕುಂ ಎಲ್ಲಾ ಉರ್ದುದಾಗ. "ಹೋಶಿಯಾರ್" ಅಂದ್ರ ಮಕ್ಕಳು ಕಂಬದಂಗ ನಿಲ್ಲೋರಂತ. ಹೈದರಾಬಾದ್ ರಾಜ್ಯ ಹೋತು, ಆಂಧ್ರ ಬಂತು, ಹುಕುಂ ಹಿಂದಿಗೆ ಬದಲಾದವು, ಸ್ಕೌಟ್ ಆಗುವಾಗ ಆಣಿ ಮಾಡೋ ವಚನ ತೆಲುಗಿಗೆ. ನಾವು ಕನ್ನಡ ಸಾಲಿಯವರು ವಚನ ಕನ್ನಡದಾಗ ಹೇಳಸ್ತಿದ್ವಿ, ಯಾರೂ ಬ್ಯಾಡ ಅನ್ನಲಿಲ್ಲ. ಆಮ್ಯಾಲೆ ತೆಲಂಗಾಣ ಆತು, ಎದಿ ಮ್ಯಾಲಿನ ಬಿಲ್ಲೆ ಬದಲಾತು. ಹುಡುಗ್ರ ಮೊಣಕಾಲು ಮಾತ್ರ ಎಲ್ಲಾ ರಾಜ್ಯದಾಗೂ ಹಂಗ ತರಚಿಕೊಂಡು ಇದ್ದವು.

ಸಾಲಿಗೊಂದು ದಳ, ಅದರ ಮ್ಯಾಲ ಜಿಲ್ಲಾ ಸಂಘ, ಅದರ ಮ್ಯಾಲ ಹೈದರಾಬಾದಿನ ರಾಜ್ಯ ದಫ್ತರ. ಹಿಂಗ ಏಣಿ ಇಟ್ಟಂಗ ಇತ್ತು ನಮ್ಮ ವ್ಯವಸ್ಥಾ. ಜಿಲ್ಲಾ ಅಂದ್ರ ಒಂದೇ ದೊಡ್ಡ ಹಳೇ ಜಿಲ್ಲಾ. ನಾರಾಯಣಪೇಟ, ಮಕ್ತಲ, ಗದ್ವಾಲ ಎಲ್ಲಾ ಒಂದೇ ತಾಯಿ ಮಕ್ಕಳು. ಬ್ಯಾಸಗಿಗೆ ಒಂದು ಶಿಬಿರ ಆಗತಿತ್ತು. ಇಟಿಕ್ಯಾಲದ ಕಡೆ ಹೊಳಿ ದಂಡಿ ಮ್ಯಾಲ ದೊಡ್ಡ ಡೇರೆ ಏಳತಿತ್ತು. ಮಾನೋಪಾಡು, ಉಂಡವಳ್ಳಿ ಹುಡುಗ್ರು ಒಂದು ದಿಕ್ಕಿನಿಂದ ಬರೋರು, ನಮ್ಮವರು ಇನ್ನೊಂದು ದಿಕ್ಕಿನಿಂದ. ಮೊದಲ ದಿನ ಒಬ್ಬರ ಮಾರಿ ಒಬ್ಬರು ನೋಡ್ತಿರಲಿಲ್ಲ. ಮನಿಗೆ ಹೋಗೋ ದಿನ ಬಸ್ಸಿನ ಕಿಡಿಕಿ ಹಿಡಕೊಂಡು ಅಳೋರು.

ಡೇರೆ ಎಷ್ಟು ಹಳೇದು ಅಂತ ನನಗೂ ಗೊತ್ತಿಲ್ಲ. ದಪ್ಪನ ಬಟ್ಟಿ, ಮ್ಯಾಲ ತ್ಯಾಪಿ, ತ್ಯಾಪಿ ಮ್ಯಾಲ ತ್ಯಾಪಿ. ಹೊಲಿಗಿ ಎಲ್ಲಾ ನನ್ನ ದೋಸ್ತಂದು. ಜರಿ ಸೀರಿ ನೇಯೋ ಮನಿ ಹುಡುಗ, ಹರಕಲು ಬಟ್ಟಿ ಕಂಡ್ರ ಕೈ ಸುಮ್ನಿರತಿರಲಿಲ್ಲ. ಕೋಲು ನನ್ನ ಪಾಲಿನ ಕೆಲಸ. ನಡುಗಂಬ ನಿಲ್ಲಸೋದು, ಮೂಲಿಗೋಲು ಹೂಡೋದು, ಗೂಟ ಬಡಿಯೋದು. ಅಂವಾ ಬಟ್ಟಿ ಹಿಡಕೊಂಡು ಬೈತಿದ್ದ, ನಾ ಕೋಲು ಹಿಡಕೊಂಡು ತಿರುಗಿ ಬೈತಿದ್ದೆ. ಹುಡುಗ್ರಿಗೆ ಅದೇ ಮೊದಲ ದಿನದ ಆಟ.

ಮೊದಲು ಗದ್ವಾಲ ಬ್ಯಾರೆ ಜಿಲ್ಲಾ ಆತು. ಎರಡು ವರ್ಷ ಕಳದ ಮ್ಯಾಲ ನಾರಾಯಣಪೇಟನೂ ಬ್ಯಾರೆ ಆತು, ನಮ್ಮ ಮಕ್ತಲ ಅದರ ಬೆನ್ನ ಹಿಂದ ಹೋತು. ಹಳೇ ಜಿಲ್ಲಾ ಸಂಘದ ಸಾಮಾನು ಹಂಚಿಕೊಳ್ಳಾಕ ಬರ್ರಿ ಅಂತ ಕರದ್ರು. ಹೋಗಿ ನೋಡಿದ್ರ ಹಬ್ಬದ ಮರುದಿನದ ಸಂತಿ ಇದ್ದಂಗಿತ್ತು. ನಗಾರಿ ಒಬ್ಬರ ಬಗಲಾಗ, ಬಿಗಲು ಒಬ್ಬರ ಚೀಲದಾಗ, ಬಾವುಟ ಮತ್ತೊಬ್ಬರ ಕೈಯಾಗ. ಉಳಿದ ಜಿಲ್ಲಾದವರು ಚೊಲೋ ಚೊಲೋದು ಆರಿಸಿಕೊಂಡು ಹೋಗಿಬಿಟ್ಟಿದ್ರು. ದೊಡ್ಡ ಡೇರೆ ಮೂಲ್ಯಾಗ ಬಿದ್ದಿತ್ತು. ಭಾರ, ಹಳೇದು, ಯಾರಿಗೂ ಬ್ಯಾಡಾಗಿತ್ತು. ನಮ್ಮಿಬ್ಬರಿಗೂ ಬೇಕಾಗಿತ್ತು.

ನಮ್ಮ ಸೀಮ್ಯಾಗ ಅಣ್ಣತಮ್ಮರು ಬ್ಯಾರೆ ಆಗುವಾಗ ಹಿರ್ಯಾ ಪಾಲು ಹಾಕಬೇಕು, ಕಿರ್ಯಾ ಆರಿಸಬೇಕು. ಹಿರ್ಯಾ ಮೋಸ ಮಾಡಾಕ ಬರಬಾರದು ಅಂತ ಆ ರಿವಾಜು. ಅಂವಾ ನಗಕೋತ, ನೀ ಹಿರ್ಯಾ, ಹಾಕು ಪಾಲು ಅಂದ. ಹಾಕಿದೆ. ಬೋಗುಣಿ, ಹಗ್ಗ, ಲಾಟೀನು ಎರಡು ಗುಂಪಾದವು. ಡೇರೆ ಹತ್ರ ಬಂದಾಗ ಕೈ ನಿಂತಿತು. ಅದನ್ನ ಹರದು ಎರಡು ಮಾಡಾಕ ಬರತೈತೇನು?

ಆಗ ನನ್ನ ತಲ್ಯಾಗ ಒಂದು ವಿಚಾರ ಬಂತು. ಅವತ್ತು ಅದಕ್ಕ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ನಮ್ಮ ಮನೆತನದಾಗ ಕುರಿ ಹಿಂಡು ಪಾಲು ಮಾಡುವಾಗ ಬೀರಪ್ಪನ ಹೆಸರಿಲೆ ಬಿಟ್ಟ ಟಗರನ್ನ ಪಾಲಿಗೆ ಹಾಕಂಗಿಲ್ಲ. ಟಗರು ಒಬ್ಬನ ಹಟ್ಟಿಯಾಗ ಇರತೈತಿ. ಅದರ ಕೊಳ್ಳಗಂಟಿ ಇನ್ನೊಬ್ಬನ ಮನಿಯಾಗ ಜಂತಿಗೆ ತೂಗತೈತಿ. ಗಂಟಿ ಕಟ್ಟದ ಟಗರನ್ನ ದೇವರ ಮುಂದ ಒಯ್ಯಂಗಿಲ್ಲ. ಹಂಗಾಗಿ ಅಣ್ಣತಮ್ಮರು ಒಬ್ಬರ ಮಾರಿ ಒಬ್ಬರು ನೋಡದಂಗ ಜಗಳ ಆಡಿದ್ರೂ ವರ್ಷಕ್ಕೊಮ್ಮಿ ಕೂಡಲೇಬೇಕು. ಡೇರೇನೂ ಹಂಗ ಮಾಡೂಣು ಅಂದೆ. ಬಟ್ಟಿ ನಿನ್ನ ಹತ್ರ ಗದ್ವಾಲದಾಗ ಇರಲಿ, ಕೋಲು ನನ್ನ ಹತ್ರ ಮಕ್ತಲದಾಗ. ನನ್ನ ಬಿಟ್ಟು ನೀ ಶಿಬಿರ ಮಾಡಾಕ ಆಗಬಾರದು, ನಿನ್ನ ಬಿಟ್ಟು ನಾ ಮಾಡಾಕ ಆಗಬಾರದು. ಅಂವಾ ನನ್ನ ಮಾರಿ ನೋಡಿದ, ಕಣ್ಣಾಗ ನೀರು ತಂದ್ಕೊಂಡ. ಸಂಜಿಗೆ ಇಬ್ಬರೂ ಬಸ್‌ಸ್ಟ್ಯಾಂಡಿನಾಗ ಮಿರ್ಚಿ ತಿಂದು, ಅಂವಾ ಬಟ್ಟಿ ಗಂಟು ಹೊತ್ತು ಹೋದ, ನಾ ಕೋಲು ಬಸ್ಸಿನ ಮ್ಯಾಲ ಹಾಕಿಸಿಕೊಂಡು ಬಂದೆ.

ಆ ಬ್ಯಾಸಗಿ ಒಂದು ಶಿಬಿರ ಆತು. ಮುಂದಿನ ವರ್ಷಾನೂ ಹಿಂಗ ಇನ್ನೊಂದು ಆದೀತು ಅಂತ ತಿಳಕೊಂಡಿದ್ವಿ. ಆದ್ರ ಹೊಸಾ ಜಿಲ್ಲಾಕ್ಕ ಹೊಸಾ ಸಂಘ, ಹೊಸಾ ಸಾಹೇಬ್ರು, ಹೊಸಾ ಕಾನೂನು. ಒಂದು ಜಿಲ್ಲಾದ ಹುಡುಗ್ರನ್ನ ಇನ್ನೊಂದು ಜಿಲ್ಲಾದಾಗ ರಾತ್ರಿ ಇರಿಸಬೇಕಂದ್ರ ಎರಡೂ ಕಡೆ ಒಪ್ಪಿಗಿ ಬೇಕಂತ. ನಾರಾಯಣಪೇಟದವರು ಮೊದಲು ಗದ್ವಾಲದವರು ಬರೀಲಿ ಅಂದ್ರು. ಗದ್ವಾಲದವರು ಮೊದಲು ನಾರಾಯಣಪೇಟದವರು ಕಳಸಲಿ ಅಂದ್ರು. ಹೊಳಿ ದಾಟಿದ್ರ ಹುಡುಗ್ರೇನು ಬ್ಯಾರೆ ದೇಶಕ್ಕ ಹೋಗ್ತಾರೇನ್ರಿ? ನನ್ನ ತಲಿ ಕೆಟ್ಟು ಮೊಸರ ಗಡಿಗಿ ಆಗಿತ್ತು. ಅಷ್ಟರಾಗ ಕರೋನಾ ಬಂತು, ಸಾಲಿ ಬಾಗಲಾನೇ ಮುಚ್ಚಿದವು. ಬಾಗಲಾ ತೆರೆಯೋದ್ರಾಗ ನಾ ರಿಟೈರ್ ಆಗಿದ್ದೆ, ಅಂವನೂ ಆದ. ಅಂವಾ ರಿಟೈರ್ ಆದ ಕೂಡಲೆ ಲಕ್ವಾ ಹೊಡೀತು. ಬಲಗಡೆ ಪೂರಾ ಬಿತ್ತು. ಕರ್ನೂಲ ದವಾಖಾನಿಗೆ ಹೋಗಿ ನೋಡಿ ಬಂದೆ. ಅಂವಾ ನನ್ನ ಗುರುತು ಹಿಡದದ್ದೇ ದೊಡ್ಡ ಮಾತು ಅನಸಿತ್ತು.

ಮನಿಗೆ ಬಂದ ಮ್ಯಾಲ ಮಾತು ಸ್ವಲ್ಪ ಸ್ವಲ್ಪ ತಿರುಗಿ ಬಂತು. ನಾಲಿಗಿ ತೊದಲತಿತ್ತು, ತಿಳಿಯಾಕ ತ್ರಾಸಿರಲಿಲ್ಲ. ವಾರಕ್ಕೊಮ್ಮಿ, ಸಾಲಿ ಸೂಟಿ ಇರೋ ಐತವಾರ ಮುಂಜಾನಿ, ಚಾ ಕುಡದು ನಾ ಫೋನ್ ಮಾಡ್ತಿದ್ದೆ. ಏನು ಮಾತಾಡಬೇಕು ಹೇಳ್ರಿ ಲಕ್ವಾ ಹೊಡೆದ ಮನಶ್ಯಾನ ಕೂಡ? ಆರಾಮ ಇದ್ದೀಯೇನು ಅಂತ ಕೇಳಾಕ ಬಾಯಿ ಬರತಿರಲಿಲ್ಲ. ಹಿಂಗಾಗಿ ಡೇರೆ ಸುದ್ದಿ ತೆಗೀತಿದ್ದೆ. ಬಟ್ಟಿ ಹ್ಯಾಂಗೈತೋ ಅಂತಿದ್ದೆ. ಚೊಲೋ ಐತಿ ಅಂತಿದ್ದ. ರಿಟೈರ್ ಆಗುವಾಗ ಸಾಲಿಯಿಂದ ಮನಿಗೆ ತಂದಿಟ್ಟೀನಿ, ಅಟ್ಟದ ಮ್ಯಾಲ ಐತಿ ಅಂತ ಹೇಳಿದ್ದ. ಒಂದು ವಾರ, ಹೇಣ್ತಿ ಕಡಿಂದ ಬಿಸಲಿಗೆ ಹಾಕಿಸಿದೆ ಅನ್ನೋನು. ಇನ್ನೊಂದು ವಾರ, ಬಟ್ಟಿ ಮಡಚಿದ ಪದರಿನಾಗ ಬೇವಿನ ಎಲಿ ಹಾಕಿಸಿದೆ ಅನ್ನೋನು. ಒಮ್ಮೆ ಇಲಿ ಕಡದು ತೂತು ಮಾಡೈತಿ ಅಂತ ಭಾಳ ಹಳಹಳಿಸಿದ. ಮುಂದಿನ ವಾರ ಎಡಗೈಲೆ ಹೊಲದೆ ನೋಡು ಅಂತ ಖುಷಿಯಿಂದ ಹೇಳಿದ. ಆಮ್ಯಾಲೆ ನನ್ನ ಕೋಲಿನ ಸುದ್ದಿ ಕೇಳೋನು. ನಾ ಗೆದ್ದಲು ಹತ್ತದಂಗ ಎಣ್ಣಿ ಹಚ್ಚೀನಿ ಅಂತಿದ್ದೆ. ನಾ ಹಚ್ಚಿದ್ದೆ ಖರೇನ.

ಒಂದಿನ ಅಂವನ ಹೇಣ್ತಿ ಫೋನ್ ಎತ್ತಿದಳು. ನನಗ ತಂಗಿ ಇದ್ದಂಗ, ಅಣ್ಣಾರೂ ಅಂತ ಮಾತಾಡಸ್ತಾಳ. ಇನ್ನೊಮ್ಮೆ ಹೊಡೆದ್ರ ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳ್ಯಾರ ಅಂದಳು. ಅಂವಾ ಬಾಜೂಕ ಮಲಗಿದ್ದಕ್ಕ ದನಿ ಸಣ್ಣದು ಮಾಡಿ ಹೇಳಿದಳು. ಫೋನ್ ಇಟ್ಟು ಕಟ್ಟಿ ಮ್ಯಾಲ ಕುಂತೆ. ಅವತ್ತೇ ಗಟ್ಟಿ ಮಾಡಿದೆ. ಅಂವಾ ಹೋಗೂಕಿಂತ ಮೊದಲು ಆ ಡೇರೆ ಒಂದು ಸಲ ಏಳಬೇಕು, ಅಂವಾ ಅದರ ನೆಳ್ಳಾಗ ಕುರ್ಚಿ ಹಾಕ್ಕೊಂಡು ಕುಂದ್ರಬೇಕು, ಹುಡುಗ್ರನ್ನ ಒಮ್ಮಿ ಬೈಬೇಕು. ಇಷ್ಟ ಸಾಕು ನನಗ.

ಮತ್ತ ಸುರುವಾತು ದಫ್ತರದ ಅಲೆದಾಟ. ನನ್ನ ಮೊಣಕಾಲು ಮೊದಲೇ ಹೋಗ್ಯಾವ. ನಾರಾಯಣಪೇಟದಾಗ ಸಾಹೇಬ್ರು ಮೀಟಿಂಗಿನಾಗ, ಗದ್ವಾಲದಾಗ ಸಾಹೇಬ್ರು ಹೈದರಾಬಾದಿನಾಗ. ರಿಟೈರ್ ಆದಾಂವಗ ಇದೆಲ್ಲಾ ಯಾಕ ಬೇಕ್ರಿ ಅಂತ ಜವಾನನೂ ನನಗ ಬುದ್ಧಿ ಹೇಳಿದ. ನಾನೂ ಬಿಡಲಿಲ್ಲ, ಬಾಗಲದಾಗ ಕುಂತುಬಿಟ್ಟೆ. ನಮ್ಮ ಸಾಲಿಯೊಳಗ ಈಗ ಗೈಡ್ ಹುಡುಗೇರನ್ನ ನೋಡಿಕೊಳ್ಳೋ ಟೀಚರಮ್ಮ ಒಬ್ಬಾಕಿ ಅದಾಳ, ಸಣ್ಣ ವಯಸ್ಸಿನಾಕಿ, ಧೈರ್ಯದಾಕಿ. ಸಾರ್, ಒಪ್ಪಿಗಿ ತರ್ರಿ, ಹುಡುಗ್ರನ್ನ ನಾ ತರ್ತೀನಿ ಅಂದಳು. ಕಡೀಕ ಒಂದೇ ರಾತ್ರಿಗೆ ಅಂತ ಒಪ್ಪಿಗಿ ಸಿಕ್ಕಿತು. ದೋಸ್ತಗ ಫೋನ್ ಮಾಡಿ ಹೇಳಿದೆ. ಅಂವಾ ಬರೇ ಹ್ಞೂಂ ಹ್ಞೂಂ ಅಂದ. ಸಂತೋಷಕ್ಕ ಮಾತು ಬರವಲ್ದು ಅಂತ ನಾ ತಿಳಕೊಂಡೆ. ಆಮ್ಯಾಲೆ, ಬಿಸಲು ಭಾಳ ಐತಿ, ಮುಂದಿನ ತಿಂಗಳ ನೋಡೂಣೇನು ಅಂದ. ಮುಂದಿನ ತಿಂಗಳ ನೀ ಇರ್ತೀಯೇನು ಅಂತ ನಾ ಕೇಳಾಕ ಬರತೈತೇನು? ಏ, ಸುಮ್ನಿರೋ, ನಾ ಕೋಲು ತಗೊಂಡು ಒಂದಿನ ಮೊದಲೇ ಬರ್ತೀನಿ ಅಂತ ಫೋನ್ ಇಟ್ಟೆ.

ಸಾಮಾನಿನ ಆಟೋ ಮಾಡಿ, ಕೋಲು ಕಟ್ಟಿ, ಹಿಂದ ಉದ್ದಕ್ಕ ಚಾಚಿದ ತುದಿಗೆ ನನ್ನ ಹಳೇ ಸ್ಕಾರ್ಫ್ ಕಟ್ಟಿ ಹೊಂಟೆ. ಜೂರಾಲ ಆಣೆಕಟ್ಟಿನ ಮ್ಯಾಲ ಹಾಯ್ದು ಹೋಗುವಾಗ ಕೆಳಗ ಹೊಳ್ಯಾಗ ಬರೇ ಬಂಡೆಗಲ್ಲು ಕಾಣತಿದ್ದವು. ಆಟೋದಾಂವ, ಯಾರ ಮದಿವಿ ಚಪ್ಪರಾರೀ ತಾತಾ ಅಂತ ಕೇಳಿದ. ಮದಿವಿ ಅಂತನೇ ತಿಳ್ಕೋ ಅಂದೆ. ಭಾಳ ದಿನಕ್ಕ ಜೀವಕ್ಕ ಹಗುರ ಆಗಿತ್ತು.

ಗದ್ವಾಲದಾಗ ಅಂವನ ಓಣಿಗೆ ಬಂದು ಕೋಲು ಇಳಿಸಿದ್ವಿ. ಮನಿ ಒಳಗ ಮಗ್ಗ, ಮಗ್ಗದ ಮುಂದ ಅಂವನ ಹೇಣ್ತಿ, ನನ್ನ ತಂಗಿಯಂತಾಕಿ, ಕುಂತು ಜರಿ ಸುತ್ತಾಕತ್ತಿದ್ದಳು. ನನ್ನ ನೋಡಿ ಎದ್ದಳು, ನೀರು ಕೊಟ್ಟಳು, ಹೊರಗ ಒರಗಿಸಿದ ಕೋಲು ನೋಡಿ ಇವೆಲ್ಲಾ ಏನಣ್ಣಾ ಅಂದಳು. ನಾಳೆ ಶಿಬಿರ ಅಲ್ಲೇನವ್ವಾ, ಅಟ್ಟದ ಮ್ಯಾಲಿನ ಬಟ್ಟಿ ಇಳಸ್ರಿ, ಒಮ್ಮಿ ಝಾಡಿಸಿ ನೋಡೂಣು ಅಂದೆ. ಅಕಿ ಮಾರಿ ಸಣ್ಣದಾತು. ನನ್ನ ನೋಡಿದಳು, ಒಳಗಿನ ಖೋಲಿ ಬಾಗಲಾ ನೋಡಿದಳು. ಯಾವ ಬಟ್ಟಿ ಅಣ್ಣಾ? ಅದನ್ನ ಸಾಲಿಯವರು ಹರಾಜಿಗೆ ಹಾಕಿ ವರ್ಷಗಟ್ಲೆ ಆತಲ್ಲ, ಇವರು ನಿಮಗ ಹೇಳಿಲ್ಲೇನು ಅಂದಳು.

ಅಕಿ ಹೇಳಿದ್ದು ಇಷ್ಟು. ಅಂವಾ ರಿಟೈರ್ ಆದ ಕೂಡಲೆ ಸಾಲಿ ಸಾಮಾನು ಲೆಕ್ಕ ಹಾಕಾಕ ಬಂದವರು ಡೇರೆ ಬಟ್ಟಿ ತೆಗದು ನೋಡ್ಯಾರ. ಕೋಲಿಲ್ಲ, ಗೂಟ ಇಲ್ಲ. ಅರ್ಧ ಸಾಮಾನು, ಕೆಲಸಕ್ಕ ಬರಂಗಿಲ್ಲ ಅಂತ ರದ್ದಿ ಜೋಡಿ ಹಾಕ್ಯಾರ. ಇಂವಾ ಓಡಿ ಹೋಗಿ, ಕೋಲು ಮಕ್ತಲದಾಗ ಅದಾವ್ರಿ, ನಾವೇ ಹಂಗ ಪಾಲು ಮಾಡೀವಿ ಅಂತ ಹೇಳ್ಯಾನ. ಅವರು ನಕ್ಕಾರ. ಯಾರರ ಡೇರೆ ಹಂಗ ಪಾಲು ಮಾಡ್ತಾರೇನ್ರಿ ಮಾಸ್ತರ ಅಂದಾರ. ಹತ್ತಿ ಯಾಪಾರದಾಂವ ಒಬ್ಬ ಹತ್ತಿ ಚೀಲ ಮುಚ್ಚಾಕ ಅಂತ ಒಯ್ದ. ಅದಾದ ಸ್ವಲ್ಪ ದಿನಕ್ಕೇ ಇಂವಗ ಲಕ್ವಾ ಹೊಡೀತು. ಅಂದ್ರ ನಾ ಐತವಾರಕ್ಕೊಮ್ಮಿ ಕೇಳಿದ ಬಿಸಲು, ಬೇವಿನ ಎಲಿ, ಇಲಿ, ಎಡಗೈ ಹೊಲಿಗಿ ಎಲ್ಲಾ ಅಂವಾ ಹಾಸಗಿ ಮ್ಯಾಲ ಮಲಕೊಂಡು ಹುಟ್ಟಿಸಿದ್ದು.

ಸಿಟ್ಟು ನೆತ್ತಿಗೇರಿತು. ಕರ್ಚೀಫಿನಿಂದ ಮಾರಿ ಒರಸಿಕೊಂಡು ಒಳಗ ಹೋದೆ. ಮಂಚದ ಮ್ಯಾಲ ದಿಂಬಿಗೆ ಒರಗಿ ಕುಂತಿದ್ದ, ಬಿಳೀ ಅಂಗಿ ಹಾಕ್ಕೊಂಡಿದ್ದ, ಕೂದಲಾ ಬಾಚಿಕೊಂಡಿದ್ದ. ಎಡಗೈ ಚಾಚಿದ. ಸ್ಕೌಟಿನವರು ಕೈ ಕೂಡಸೋದು ಎಡಗೈಲೇ, ಅದರಾಗ ಅಂವಗ ಲಕ್ವಾದ ತ್ರಾಸೇ ಇರಲಿಲ್ಲ. ನಾ ಕೈ ಕೊಡಲಿಲ್ಲ. ಬಾಯಿಗೆ ಬಂದಂಗ ಬೈದೆ. ನಿನ್ನ ಸಲುವಾಗಿ ನಾ ಎರಡು ಜಿಲ್ಲಾದ ದಫ್ತರದಾಗ ನಾಯಿ ಆಗಿ ಕುಂತೆನಲ್ಲೋ, ಅಲ್ಲಿ ಹುಡುಗ್ರು ಸ್ಕಾರ್ಫ್ ಇಸ್ತ್ರಿ ಮಾಡಿಕೊಂಡು ಕುಂತಾವಲ್ಲೋ, ಒಂದು ಮಾತು ಹೇಳಾಕ ನಿನಗೇನಾಗಿತ್ತು ಅಂದೆ. ತಂಗಿ ಬಾಗಲದಾಗ ನಿಂತು ಸೆರಗು ಬಾಯಿಗೆ ಹಿಡಕೊಂಡಿದ್ದಳು. ಅಂವಾ ಎಲ್ಲಾ ಕೇಳಿಸಿಕೊಂಡ. ಚಾಚಿದ ಕೈ ತೊಡಿ ಮ್ಯಾಲ ಇಟ್ಕೊಂಡ. ಆಮ್ಯಾಲೆ ಒಂದೊಂದೇ ಮಾತು ಹೊಂದಿಸಿ ಹೇಳಿದ.

"ಬಟ್ಟಿ ಇಲ್ಲ ಅಂದಿದ್ರ, ನೀ ಐತವಾರ ಫೋನ್ ಯಾಕ ಮಾಡ್ತಿದ್ದಿ?"

ಮಾಡ್ತಿದ್ದೆನೋ ಮಾರಾಯಾ ಅನ್ನಬೇಕಿತ್ತು. ಹೊರಗ ಬಂದು ಕೋಲಿನ ಬಾಜೂಕ ಕುಂತೆ. ಎದ್ದು ಟೀಚರಮ್ಮಗ ಫೋನ್ ಮಾಡಿದೆ, ಹುಡುಗ್ರನ್ನ ತರಬ್ಯಾಡ್ರಿ ಅಂದೆ. ಗಿಡ ಇಲ್ಲದ ಹೊಳಿ ದಂಡಿ, ಮ್ಯಾಲ ಹಂಥಾ ಬಿಸಲು, ಬರೇ ಕೋಲು ನಿಲ್ಲಿಸಿ ಅದರ ಕೆಳಗ ಯಾರನ್ನ ಮಲಗಸೋದು? ಹುಡುಗೇರು ಅಳತಾವ ಸಾರ್ ಅಂದಳು. ಕೋಲು ಅಂವನ ಮನಿ ಗ್ವಾಡಿಗೇ ಬಿಟ್ಟು ಸಂಜಿ ಬಸ್ಸಿಗೆ ವಾಪಸ್ ಬಂದೆ. ಬರುವಾಗ ಅಂವಗ ಹೇಳಿ ಬರಲಿಲ್ಲ.

ಬಸ್ಸಿನಾಗ ಕುಂತು ವಿಚಾರ ಮಾಡಿದೆ. ಡೇರೆ ಪೂರಾ ಅಂವಗ ಕೊಟ್ಟಿದ್ರ ಪೂರಾ ಡೇರೆ ಅಂತ ಉಳೀತಿತ್ತು. ಪೂರಾ ನಾ ತಗೊಂಡಿದ್ರೂ ಉಳೀತಿತ್ತು. ನಮ್ಮನ್ನ ಕೂಡಿಸಿ ಇಡಾಕ ಅಂತ ನಾ ಮಾಡಿದ ಪಾಲೇ ಅದನ್ನ ರದ್ದಿ ಮಾಡ್ತು. ನಮ್ಮ ಹಟ್ಟಿಯಾಗ ಗಂಟಿ ಇಲ್ಲದ ಟಗರನ್ನ ಕಂಡ್ರ, ಗಂಟಿ ಇನ್ನೊಬ್ಬರ ಮನ್ಯಾಗ ಐತಿ ಅಂತ ಸಣ್ಣ ಕೂಸಿಗೂ ಗೊತ್ತಾಗತೈತಿ. ದಫ್ತರದಾಗ ಯಾರಿಗೆ ಗೊತ್ತಾಗಬೇಕು?

ಎರಡು ಐತವಾರ ಫೋನ್ ಮಾಡಲಿಲ್ಲ. ಸಿಟ್ಟು ಅಂತ ಅಂದ್ಕೊಂಡಿದ್ದೆ, ಆದ್ರ ಸಿಟ್ಟು ಮನಿಗೆ ಬರೋದ್ರಾಗೇ ಇಳದಿತ್ತು. ಏನು ಮಾತಾಡಬೇಕು ಅಂತ ತಿಳೀತಿರಲಿಲ್ಲ, ಅಷ್ಟೇ. ಮುಂದಿನ ಐತವಾರ ಚಾ ಕುಡದು ಫೋನ್ ಹಚ್ಚಿದೆ. ಅಂವಾ ಎತ್ತಿದ. ನನ್ನ ಬಾಯಿ ತನ್ನ ರೂಢಿಗೆ ಬಟ್ಟಿ ಹ್ಯಾಂಗೈತೋ ಅಂದುಬಿಡ್ತು. ಅಂದ ಮ್ಯಾಲ ನನಗ ನಾಚಿಕಿ ಬಂತು. ಅಂವಾ ಒಂದು ಉಸುರು ತಗೊಂಡ.

"ಚೊಲೋ ಐತಿ," ಅಂದ. "ನಿನ್ನೆ ಬಿಸಲಿಗೆ ಹಾಕಿದ್ದೆ."

ಅಲ್ಲಿಂದ ಮತ್ತ ಸುರುವಾತು. ಇಲ್ಲದ ಬಟ್ಟಿಗೆ ನಾವಿಬ್ಬರೂ ತ್ಯಾಪಿ ಹಚ್ಚಿದ್ವಿ. ಮಳಿಗಾಲ ಬಂತು ಅಂತ ನಾ ಚಿಂತಿ ಮಾಡಿದ್ರ, ಒಳಗ ಎತ್ತಿಟ್ಟೀನಿ ಬಿಡು ಅಂತ ಅಂವಾ ಸಮಾಧಾನ ಹೇಳೋನು. ಒಮ್ಮೊಮ್ಮೆ ಶಿಬಿರಾನೂ ಹಾಕ್ತಿದ್ವಿ. ಉಂಡವಳ್ಳಿ ಹುಡುಗ್ರನ್ನ ಯಾವ ಕಡೆ ಮಲಗಸೋದು, ನಮ್ಮ ಹುಡುಗೇರಿಗೆ ಯಾವ ಮೂಲಿ ಕೊಡೋದು ಅಂತ ಜಗಳ ಆಡ್ತಿದ್ವಿ. ನನ್ನ ಹೇಣ್ತಿ ಕೇಳಿ, ಮುದುಕರಿಗೆ ಹುಚ್ಚು ಹಿಡದೈತಿ ಅನ್ನೋಕಿ. ಅಂವನ ಮಾತು ವಾರದಿಂದ ವಾರಕ್ಕ ಸಣ್ಣದಾಗತಿತ್ತು. ನಾ ಅದನ್ನ ಕೇಳಿಯೂ ಕೇಳದಂಗ ಇರ್ತಿದ್ದೆ.

ಹೋದ ಚಳಿಗಾಲದಾಗ ಒಂದು ಐತವಾರ ಹಿಂಗ ಫೋನ್ ಮಾಡಿದೆ. ತಂಗಿ ಎತ್ತಿ ಅಂವನ ಕಿವಿಗೆ ಹಿಡದಳು. ನಾ ಎಂದಿನಂಗ ಕೇಳಿದೆ. ಕೇಳಿಸಿಲ್ಲೇನೋ ಅಂತ ಇನ್ನೊಮ್ಮೆ ಜೋರಾಗಿ, ಬಟ್ಟಿ ಹ್ಯಾಂಗೈತೋ ಅಂದೆ.

"ಬಟ್ಟಿ ಇಲ್ಲೋ," ಅಂದ. "ಸುಮ್ನ ಬಾ."

ಇದ್ದ ಅಂಗಿ ಮ್ಯಾಲೇ ಬಸ್‌ಸ್ಟ್ಯಾಂಡಿಗೆ ಹೋದೆ. ಮಧ್ಯಾಹ್ನಕ್ಕ ಗದ್ವಾಲ ಮುಟ್ಟಿದೆ. ಸಂಜಿ ತನಕ ಅಂವನ ಮಂಚದ ಬಾಜೂಕ ಕುಂತೆ. ತಂಗಿ ಎರಡು ಸಲ ಚಾ ಕೊಟ್ಟಳು. ಅಷ್ಟು ವರ್ಷದ ಗೆಳೆತನದಾಗ ಏನೂ ಕೆಲಸ ಇಲ್ಲದೇ ನಾ ಅಂವನ ಮನಿಗೆ ಹೋದದ್ದು ಅದೊಂದೇ ಸಲ. ಮುಂದಿನ ಐತವಾರ ಅಂವಾ ಇರಲಿಲ್ಲ.